ಅಕ್ಕನ ಬಾವಿ ಮತ್ತು ನಮ್ಮ ಕಂಪನಿಯ ನೋಟಿಸುಗಳು

ನಮ್ಮ ಕಂಪನಿಗೆ ನೋಟಿಸು ಬಾರದ ವಾರವೇನಾದರೂ ಬಂದರೆ, ಅಂಚೆಯವರೇ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, "ಎಂತ, ಒಳಗೆಲ್ಲ ಸೌಖ್ಯವಾ?" ಎಂದು ವಿಚಾರಿಸಿ ಹೋಗುತ್ತಾರೆ.

ಬೈಗೆ ಎಂಬ ಸಣ್ಣ ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಉಳಿದದ್ದನ್ನು ಒಣಗಿಸಿ ಹಿಟ್ಟು ಮಾಡುವ ಕಾರ್ಖಾನೆ ನಮ್ಮದು. ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನ ಕಿಟಕಿಗಳೆಲ್ಲ ಒಂದೇ ಸಲ ಮುಚ್ಚಿಕೊಂಡರೆ ನಮ್ಮ ಸ್ಟಾಪು ಬಂತು ಎಂದು ಲೆಕ್ಕ. ಕಂಪನಿ ಸಣ್ಣದು. ಆದರೂ ಅದರ ಷೇರು ಪೇಟೆಯಲ್ಲಿ ಮಾರಾಟವಾಗುತ್ತದೆ. ಹಾಗಾಗಿ ಒಂದು ನಿಯಮ ಇದೆ: ಕಂಪನಿಯ ಮೇಲೆ ಯಾರು ಕೇಸು ಹಾಕಿದರೂ, ಯಾವ ಇಲಾಖೆ ತನಿಖೆ ಮಾಡಿದರೂ, ಅದನ್ನು ಷೇರುಪೇಟೆಯ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಹಾಕುವ ಕೆಲಸ ನನ್ನದು.

ನಾನು ಓದಿದ್ದು ರಸಾಯನ ವಿಜ್ಞಾನ. ಸೇರಿದ್ದು ಲ್ಯಾಬಿಗೆ. ಕಾರ್ಖಾನೆಯ ಹಿಂದಿನ ಗೋಡೆಗೆ ತಾಗಿ ಒಬ್ಬ ಹೆಂಗಸಿನ ಮನೆ ಇದೆ. ಮನೆಯ ಮುಂದೆ ಚಹಾದ ಅಂಗಡಿ, ಹಿತ್ತಲಲ್ಲಿ ಬಾವಿ. ಎಲ್ಲರಿಗೂ ಅವರು ಅಕ್ಕ. ಕಾರ್ಖಾನೆಯ ಅರ್ಧ ಜನ ಬೆಳಿಗ್ಗೆ ಕುಡಿಯುತ್ತಿದ್ದದ್ದು ಅವರ ಚಹಾ. ಒಂದು ದಿನ ಅಕ್ಕ ಒಂದು ಬಾಟಲಿ ನೀರು ತಂದು ನನ್ನ ಮೇಜಿನ ಮೇಲಿಟ್ಟರು. ಮೇಲೆ ಎಣ್ಣೆಯ ಪದರ, ತಳದಲ್ಲಿ ಕಪ್ಪು ಗಸಿ. "ಇದ್ರಲ್ ಚಾ ಮಾಡ್ರೆ ನೀ ಕುಡಿತ್ಯಾ ಹೆಣೆ?" ಎಂದರು. ನಮ್ಮ ಕಡೆ ಹುಡುಗಿಯರನ್ನು ಹಾಗೆ ಕರೆಯುವುದು.

ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲವೂ ಒಂದೇ ಉತ್ತರ. ಉಪ್ಪಿನಂಶ ಕಡಿಮೆ, ಅಂದರೆ ಸಮುದ್ರದ ನೀರು ಸೇರಿಲ್ಲ. ಮೀನಿನ ಕೊಬ್ಬು ಧಾರಾಳ, ಅಂದರೆ ನಮ್ಮದು ಸೇರಿದೆ. ವರದಿ ಬರೆದು ಸಹಿ ಮಾಡಿ ಕಂಪನಿ ಸೆಕ್ರೆಟರಿಯವರಿಗೆ ಕೊಟ್ಟೆ. ಕಾನೂನಿನ ಕಾಗದಗಳಿಗೆಲ್ಲ ಅವರೇ ಹೊಣೆ. ಅವರು ಎರಡು ಸಲ ಓದಿದರು. ಡ್ರಾವರಿಗೆ ಹಾಕಿ ಬೀಗ ಹಾಕಿದರು. ಸೋಮವಾರದಿಂದ ನನ್ನನ್ನು ಲ್ಯಾಬು ಬಿಡಿಸಿ ತಮ್ಮ ಕೋಣೆಗೆ ಹಾಕಿಕೊಂಡರು. ಕಾರಣ ಕೇಳಿದೆ. "ನಿಮ್ಮ ಅಕ್ಷರ ದುಂಡಗಿದೆ" ಎಂದರು.

ಅಕ್ಕ ಅಂಗಡಿ ಮುಚ್ಚಿದರು. ಕುಂದಾಪುರದ ಕೋರ್ಟಿನಲ್ಲಿ ಕೇಸು ಹಾಕಿದರು. ಕೇಳಿದ್ದು ಇಷ್ಟೇ: ನನ್ನ ಬಾವಿ ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ, ಅಲ್ಲಿಯವರೆಗೆ ನೀರು ಕೊಡಿ. ಆಮೇಲೆ ನಡೆದದ್ದನ್ನು ಒಂದೊಂದಾಗಿ ಬರೆಯುತ್ತೇನೆ. ಓದುವವರು ನಗಬಹುದು. ನನಗೆ ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

೧. ಸಾಂಕೇತಿಕ ಅಕ್ಕ

ಕೋರ್ಟಿಗೆ ನಮ್ಮ ಕಂಪನಿ ಕೊಟ್ಟ ಉತ್ತರದಲ್ಲಿ ಎರಡು ಅಂಶಗಳಿದ್ದವು. ಒಂದು, ಸದರಿ ಬಾವಿ ಕಾರ್ಖಾನೆಗೆ ಹತ್ತಿರವಿಲ್ಲ. ಎರಡು, ಸಮುದ್ರ ಹತ್ತಿರವಿರುವುದರಿಂದ ಸದರಿ ಬಾವಿಯ ನೀರು ಮೊದಲಿನಿಂದಲೂ ಉಪ್ಪು, ಕುಡಿಯಲು ಬಾರದು. ಧಣಿಯ ಬಾವನವರು ಇದಕ್ಕೆ ಕಂಪನಿಯ ಪರವಾಗಿ ಸಹಿ ಹಾಕಿದರು. ಧಣಿ ಎಂದರೆ ಕಂಪನಿಯ ಒಡೆಯರು. ಬಾವ ಎಂದರೆ ಅವರ ಹೆಂಡತಿಯ ಅಣ್ಣ. ಇರುವುದು ಬ್ರಹ್ಮಾವರದಲ್ಲಿ, ನಮ್ಮ ಕಂಪನಿಗೆ ನಿರ್ದೇಶಕರು. ಓದದೆ ಸಹಿ ಹಾಕುವುದರಲ್ಲಿ ಅವರಷ್ಟು ಚುರುಕಿನವರನ್ನು ನಾನು ನೋಡಿಲ್ಲ.

ಅದೇ ತಿಂಗಳು ಕಂಪನಿಯ ವಾರ್ಷಿಕ ವರದಿ ಅಚ್ಚಾಗಿ ಬಂತು. ಹೊಳೆಯುವ ಕಾಗದ. ಮುಖಪುಟದಲ್ಲಿ ಅಕ್ಕ. ಬಾವಿಕಟ್ಟೆಯಲ್ಲಿ ನಿಂತು, ಕೊಡ ಎತ್ತಿ, ನಗುತ್ತಿದ್ದಾರೆ. ಹಿಂದೆ ನಮ್ಮ ಚಿಮಣಿ. ಕೆಳಗೆ ಒಂದು ಸಾಲು: "ನಮ್ಮ ಗೋಡೆಯ ಪಕ್ಕದಲ್ಲೇ ಸಿಹಿನೀರು, ಸಿಹಿ ನೆರೆಹೊರೆ."

ಹಳೆಯ ಫೋಟೊ. ಕಂಪನಿ ಷೇರುಪೇಟೆಗೆ ಬರುವ ಮೊದಲು ಯಾರೋ ತೆಗೆದದ್ದು. ಮುದ್ರಣದವರಿಗೆ ಬಣ್ಣ ಇಷ್ಟವಾಗಿ ಹಾಕಿಬಿಟ್ಟಿದ್ದರು. ಅಷ್ಟೂ ಪ್ರತಿಗಳು ಷೇರುದಾರರ ಮನೆಗೆ ಹೋಗಿಯಾಗಿತ್ತು. ಅಕ್ಕನ ವಕೀಲೆ ಒಂದು ಪ್ರತಿಯನ್ನು ಕೋರ್ಟಿಗೆ ಹಾಜರುಪಡಿಸಿದರು.

ಸೆಕ್ರೆಟರಿಯವರು ಅರ್ಧ ದಿನ ಯೋಚಿಸಿ ಒಂದು ವಿವರಣೆ ಬರೆಸಿದರು: "ಮುಖಪುಟದ ಚಿತ್ರ ಸಾಂಕೇತಿಕ. ಅದರಲ್ಲಿ ಕಾಣುವ ವ್ಯಕ್ತಿಗೂ ಬಾವಿಗೂ ವಾಸ್ತವಕ್ಕೂ ಸಂಬಂಧವಿಲ್ಲ."

ಆ ಕಾಗದದ ಪ್ರತಿಯನ್ನು ಅಕ್ಕನ ಮನೆಗೆ ಮುಟ್ಟಿಸಬೇಕಾಗಿತ್ತು. ಕಳಿಸಿದ್ದು ನನ್ನನ್ನು. ಓದಿ ಅರ್ಥ ಹೇಳು ಎಂದರು ಅಕ್ಕ. ಹೇಳಿದೆ. ಅವರು ಸ್ವಲ್ಪ ಹೊತ್ತು ಚಿತ್ರ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು.

"ಬಾವಿ ಹೋಯ್ತ್ ಅಂದ್ ಕೇಸ್ ಹಾಕ್ದೆ. ಈಗ ನಾನೂ ಇಲ್ಯಾ?"

೨. ಬೇರೆ ಬಾವಿ

ಪರಿಸರದ ಇಲಾಖೆಯಿಂದ ನೀರಿನ ಮಾದರಿ ತೆಗೆಯಲು ಒಬ್ಬ ಅಧಿಕಾರಿ ಬಂದರು. ಹೊಸಬರು, ಘಟ್ಟದ ಮೇಲಿನವರು. ಅವರಿಗೆ ಅಕ್ಕನ ಮನೆ ಗೊತ್ತಿರಲಿಲ್ಲ. ಅಕ್ಕ ಆ ದಿನ ವಕೀಲೆಯನ್ನು ಕಾಣಲು ಕುಂದಾಪುರಕ್ಕೆ ಹೋಗಿದ್ದರು. ನಮ್ಮ ಮ್ಯಾನೇಜರ್ ಬಹಳ ವಿನಯದಿಂದ ಜೀಪು ಹತ್ತಿಸಿಕೊಂಡು ಹೋಗಿ, ಒಂದು ತಂಪಾದ ಹಿತ್ತಲಿನ ಒಳ್ಳೆಯ ಕಲ್ಲುಕಟ್ಟಿನ ಬಾವಿ ತೋರಿಸಿದರು. ಅಧಿಕಾರಿ ನಿಯಮದಂತೆ ನೀರು ತೆಗೆದು, ಬಾಟಲಿಗೆ ಅಕ್ಕನ ಹೆಸರಿನ ಚೀಟಿ ಹಚ್ಚಿ, ಮೊಹರು ಮಾಡಿ ಕೊಂಡುಹೋದರು.

ಬಾವಿ ಧಣಿಯದು. ಊರಿನಲ್ಲಿ ಅದಕ್ಕಿಂತ ಒಳ್ಳೆಯ ನೀರು ಇಲ್ಲ ಎಂದು ಧಣಿಯ ಮನೆಯವರು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದರು. ಮ್ಯಾನೇಜರ್ ಅದನ್ನು ನಂಬಿದ್ದರು. ಪರೀಕ್ಷೆ ಮಾಡಿ ನೋಡಿರಲಿಲ್ಲ. ಲ್ಯಾಬಿನಲ್ಲಿ ಮಾಡಲು ಯಾರೂ ಉಳಿದಿರಲಿಲ್ಲ. ನಾನು ಫೈಲು ಹೊಲಿಯುತ್ತಿದ್ದೆ.

ಇಪ್ಪತ್ತು ದಿನಕ್ಕೆ ವರದಿ ಬಂತು. ಈ ನೀರು ಮನುಷ್ಯರು ಕುಡಿಯಲು ಮಾತ್ರವಲ್ಲ, ಪಾತ್ರೆ ತೊಳೆಯಲೂ ಯೋಗ್ಯವಲ್ಲ. ಶೌಚದ ಗುಂಡಿಯ ನೀರು ಸೇರಿದೆ.

ಧಣಿಯ ಮನೆಯಲ್ಲಿ ಹೊಸ ಬಚ್ಚಲು ಕಟ್ಟಿಸಿದಾಗ ಗುಂಡಿಯನ್ನು ಬಾವಿಯ ಪಕ್ಕಕ್ಕೇ ತೋಡಿದ್ದರಂತೆ. ವರದಿ ಓದಿದ ಧಣಿ ಕೆಂಪಾಗಿ ಬಂದು, ನಮ್ಮ ಬಾವಿ ಹಾಳು ಮಾಡಿದವರ ಮೇಲೆ ಇವತ್ತೇ ಕೇಸು ಹಾಕಿ ಎಂದರು. ಸೆಕ್ರೆಟರಿಯವರು ಮೆಲ್ಲಗೆ, ಬಾಟಲಿಯ ಮೇಲೆ ಅಕ್ಕನ ಹೆಸರಿರುವುದರಿಂದ ವರದಿಯ ಪ್ರಕಾರ ಬಾವಿ ಹಾಳು ಮಾಡಿದ ಆರೋಪ ನಮ್ಮ ಮೇಲೆಯೇ ಇದೆ, ಗುಂಡಿ ತೋಡಿಸಿದ್ದು ತಾವು ಎಂದರು. ಧಣಿ ಕುಳಿತುಕೊಂಡರು.

ಕಣ್ತಪ್ಪಿನಿಂದ ಬೇರೆ ಬಾವಿ ತೋರಿಸಿದ್ದೇವೆ ಎಂದು ಇಲಾಖೆಗೆ ಬರೆದುಕೊಟ್ಟೆವು. ಆ ವರದಿ ರದ್ದಾಯಿತು. ಅಕ್ಕನ ಬಾವಿಯ ಮಾದರಿ ಮಳೆಗಾಲ ಕಳೆದ ಮೇಲೆ ಎಂದಾಯಿತು.

ಮರುದಿನದಿಂದ ಕಂಪನಿಯ ನೀರಿನ ಟ್ಯಾಂಕರು ಬೆಳಿಗ್ಗೆ ಧಣಿಯ ಮನೆಗೆ ಹೋಗತೊಡಗಿತು. ದಾರಿ ಇರುವುದು ಅಕ್ಕನ ಬಾಗಿಲ ಮುಂದೆಯೇ. ಅಕ್ಕ ಪಂಚಾಯತಿ ನಲ್ಲಿಯಿಂದ ಕೊಡ ಹೊತ್ತು ಬರುವಾಗ ಟ್ಯಾಂಕರಿಗೆ ದಾರಿ ಬಿಟ್ಟು ಬದಿಗೆ ನಿಲ್ಲುತ್ತಿದ್ದರು. ಒಂದು ದಿನ ನನ್ನನ್ನು ಕಂಡು ಕೇಳಿದರು.

"ಧಣಿಯರ್ ಯಾವ ಕೋರ್ಟಲ್ ಕೇಸ್ ಹಾಕ್ರ್ ಹೆಣೆ? ಅಲ್ ಬೇಗ ನೀರ್ ಸಿಕ್ಕತ್ ಕಾಣತ್."

೩. ಒಂದು ಷೇರು

ಅಕ್ಕನ ವಕೀಲೆಗೆ ಒಂದು ಉಪಾಯ ಹೊಳೆಯಿತು. ಅಕ್ಕನ ಹೆಸರಿನಲ್ಲಿ ನಮ್ಮ ಕಂಪನಿಯ ಒಂದೇ ಒಂದು ಷೇರು ಕೊಳ್ಳಿಸಿದರು. ಷೇರುದಾರರಿಗೆ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಧಣಿಯನ್ನು ನೇರವಾಗಿ ಕೇಳಲು ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಗೇಟಿನಲ್ಲಿ ಒಳಗೆ ಬಿಡುತ್ತಿರಲಿಲ್ಲ.

ಮೊದಲು ಸಭೆ ಕುಂದಾಪುರದ ಒಂದು ಹಾಲಿನಲ್ಲಿ ನಡೆಯುತ್ತಿತ್ತು. ಬಂದವರಿಗೆ ಊಟ, ಒಂದು ಚೀಲ, ಚೀಲದಲ್ಲಿ ಉಡುಗೊರೆ. ಹಾಲಾಡಿಯಿಂದ, ಕೆರಾಡಿಯಿಂದ, ಮುಂಬೈಯಲ್ಲಿ ಹೋಟೆಲು ಇಟ್ಟವರ ಮನೆಗಳಿಂದ ಜನ ಬರುತ್ತಿದ್ದರು. ಈಗ ಸಭೆ ಫೋನಿನಲ್ಲೇ. ಊಟ ಇಲ್ಲ, ಚೀಲ ಇಲ್ಲ. ಷೇರುದಾರರು ಕಂಪನಿಯ ಮೇಲೆ ಷೇರುಪೇಟೆಯ ನಿಯಂತ್ರಕರಿಗೆ ಕೊಟ್ಟ ದೂರುಗಳನ್ನು ವಿಂಗಡಿಸುವ ಕೆಲಸವೂ ನನ್ನದೇ. ಬಹುಪಾಲು ದೂರು ಚೀಲದ ಬಗ್ಗೆ.

ಆ ವರ್ಷದ ಸಭೆಯಲ್ಲಿ ಧಣಿ ಹೂವಿನ ಹಾರದ ಫೋಟೊಗಳ ಕೆಳಗೆ ಕುಳಿತು ಭಾಷಣ ಓದಿದರು. ನಾವು ಈ ಮಣ್ಣಿನವರು, ಈ ನೀರಿನವರು ಎಂದು ಇತ್ತು. ಪ್ರಶ್ನೆಗಳ ಸರದಿ ಬಂತು. ಪಟ್ಟಿಯಲ್ಲಿ ಮೂರನೆಯ ಹೆಸರು ಅಕ್ಕನದು.

ಪರದೆಯ ಮೇಲೆ ಅಕ್ಕ ಬಂದರು. ನಿಂತದ್ದು ಬಾವಿಕಟ್ಟೆಯ ಮೇಲೆ. ಫೋನು ಹಿಡಿದದ್ದು ವಕೀಲೆ ಇರಬೇಕು.

"ಧಣೀ, ನಮಸ್ಕಾರ. ನಾನ್ ನಿಮ್ ಗೋಡೆ ಆಚಿಂದ ಮಾತಾಡುದ್."

ಅಷ್ಟರಲ್ಲಿ ಸೆಕ್ರೆಟರಿಯವರು ಅಕ್ಕನ ಧ್ವನಿ ಬಂದ್ ಮಾಡಿದರು. ಧ್ವನಿ ನಿಲ್ಲಿಸುವ ಗುಂಡಿ ಅವರಿಗೆ ಗೊತ್ತಿತ್ತು. ಚಿತ್ರ ನಿಲ್ಲಿಸುವ ಗುಂಡಿ ಯಾವುದು ಎಂದು ನನ್ನನ್ನು ಕೇಳಿದರು. ನಾನು ಸಾವಕಾಶವಾಗಿ ಹುಡುಕಿದೆ.

ಅಕ್ಕ ಮಾತಾಡುತ್ತಲೇ ಇದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ. ಹಗ್ಗ ಇಳಿಸಿದರು. ಎಳೆದರು. ಕೊಡವನ್ನು ಫೋನಿನ ಮುಂದೆ ತಂದು ಬಗ್ಗಿಸಿದರು. ಪರದೆಯ ತುಂಬ ಕಪ್ಪು ನೀರು. ಬಿಸಿಲಿಗೆ ಎಣ್ಣೆ ಮಿನುಗುತ್ತಿತ್ತು. ಮುಂಬೈಯಿಂದ ಹಾಲಾಡಿಯವರೆಗೆ ನೋಡುತ್ತಿದ್ದ ಷೇರುದಾರರೆಲ್ಲ ಅದನ್ನು ಕಂಡರು. ಧಣಿ ಕಂಡರು.

ಆಮೇಲೆ ಚಿತ್ರದ ಬದಿಯಲ್ಲಿ ಒಬ್ಬ ಷೇರುದಾರರು ಬರೆದ ಸಾಲು ಮೂಡಿತು. ಸದ್ಯ, ಒಬ್ಬರಾದರೂ ಕೇಳಿದರು ಎಂದುಕೊಂಡು ಓದಿದೆ.

"ಆ ಕೊಡ ಲಾಯ್ಕಿತ್ತ್. ಈ ಸಲ ಗಿಫ್ಟ್ ಅದೇ ಅಂದಾ?"

೪. ಮಾಹಿತಿ ಮೂಲ

ನಮ್ಮ ಮೇಲೆ ಕೇಸು ಇದೆ ಎಂಬ ಸುದ್ದಿ ಷೇರುಪೇಟೆಗೆ ಗೊತ್ತಾದ ದಿನ ಷೇರಿನ ಬೆಲೆ ಕುಸಿದಿತ್ತು. ಅದಕ್ಕೆ ಒಂದು ವಾರ ಮೊದಲೇ ಧಣಿಯ ಬಾವ ತಮ್ಮ ಷೇರುಗಳನ್ನೆಲ್ಲ ಮಾರಿ ಮುಗಿಸಿದ್ದರು. ಒಳಗಿನ ಸುದ್ದಿ ಮೊದಲೇ ತಿಳಿದು ಮಾರುವುದು ಅಪರಾಧ. ಷೇರುಪೇಟೆಯ ನಿಯಂತ್ರಕರು ತನಿಖೆ ಶುರು ಮಾಡಿ ಬಾವನಿಗೆ ಒಂದೇ ಪ್ರಶ್ನೆ ಕೇಳಿದರು: ನಿಮಗೆ ಯಾರು ಹೇಳಿದರು?

ಮುಂಬೈಯ ವಕೀಲರು ಪರದೆಯ ಮೇಲೆ ಬಂದು, ನಿಜವಾದ ಕಾರಣವನ್ನೇ ಬರೆಯಿರಿ, ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೀರಿ ಎಂದು ಹಿಂದಿಯಲ್ಲಿ ಹೇಳಿದರು. ಮಗಳ ಮದುವೆ ಎಂದು ಬರೆಯೋಣವೇ ಎಂದರು ಸೆಕ್ರೆಟರಿ. ಬಾವನಿಗೆ ಮಗಳಿಲ್ಲ.

ಕಡೆಗೆ ಬಾವ ಸತ್ಯ ಹೇಳಿದರು. ಸಂಕ್ರಮಣದ ದಿನ ದೈವಸ್ಥಾನದ ದರ್ಶನಕ್ಕೆ ಹೋಗಿದ್ದರು. ದರ್ಶನದಲ್ಲಿ ಪಾತ್ರಿಯ ಮೈಮೇಲೆ ದೈವ ಬಂದು ನುಡಿ ಕೊಡುತ್ತದೆ. ಇವರು ಹೂವು ಹಿಡಿದು ನಿಂತಾಗ ನುಡಿ ಬಂತು: "ಬಡವಿ ಬಾವಿಗೆ ನಿಮ್ ಕೊಳಕ್ ಇಳ್ದಿತ್ತ್. ಅದ್ರ ಪಾಲ್ ಬಿಡ್." ಬಾವ ಮನೆಗೆ ಬಂದು, ಪಾಲು ಎಂದರೆ ಷೇರು ಎಂದು ತೀರ್ಮಾನಿಸಿ, ಮರುದಿನವೇ ಎಲ್ಲವನ್ನೂ ಮಾರಿದರು. ಬಡವಿಗೆ ಒಂದು ಕೊಡ ನೀರು ಕಳಿಸಬೇಕು ಎಂದು ಮಾತ್ರ ಅವರಿಗೆ ತೋಚಲಿಲ್ಲ.

ಮುಂಬೈಯ ವಕೀಲರು ಇದನ್ನು ಎರಡು ಸಲ ಕೇಳಿಸಿಕೊಂಡು ಸಂತೋಷಪಟ್ಟರು. ದೈವ ಕಂಪನಿಯ ನೌಕರರಲ್ಲವಲ್ಲ, ಹಾಗಾದರೆ ಒಳಗಿನ ಸುದ್ದಿ ಆಗುವುದಿಲ್ಲ ಎಂದರು. ಆದರೆ ಆ ಪಾತ್ರಿ ಯಾರು ಎಂದು ವಿಚಾರಿಸಿದರು. ಪಾತ್ರಿ ನಮ್ಮ ಬಾಯ್ಲರ್ ನೋಡಿಕೊಳ್ಳುವವರು. ಹನ್ನೆರಡು ವರ್ಷದಿಂದ. ಕಾರ್ಖಾನೆಯ ಯಾವ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಅವರಷ್ಟು ಬಲ್ಲವರಿಲ್ಲ.

ಆ ದಿನ ಮಾತಾಡಿದ್ದು ಬಾಯ್ಲರಿನವರೋ ದೈವವೋ ಎಂದು ನಾನು ತೀರ್ಮಾನಿಸುವುದಿಲ್ಲ. ಅದಕ್ಕೆ ನನ್ನ ಬಳಿ ಪರೀಕ್ಷೆ ಇಲ್ಲ. ಬಾವ ಮಾತ್ರ ಪಟ್ಟು ಬಿಡಲಿಲ್ಲ. ಹೇಳಿದ್ದು ದೈವ, ಬಾಯ್ಲರಿನವನಲ್ಲ ಎಂದು ಪ್ರಮಾಣಪತ್ರ ಬರೆಸಿದರು. ದೈವದ ನುಡಿಯನ್ನು ಸಂಪೂರ್ಣ ಸತ್ಯವೆಂದು ನಂಬಿ ಮಾರಿದ್ದೇನೆ ಎಂದು ಸಹಿ ಹಾಕಿದರು.

ಜೊತೆಗೆ ತುಂಬಬೇಕಾದ ಒಂದು ನಮೂನೆ ಇತ್ತು. ಮಾಹಿತಿ ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ. ಖಾಲಿ ಬಿಟ್ಟರೆ ನಮೂನೆ ಮುಂದಕ್ಕೆ ಹೋಗುವುದಿಲ್ಲ. ಸೆಕ್ರೆಟರಿಯವರು ಪೆನ್ನು ಹಿಡಿದು ಬಹಳ ಹೊತ್ತು ಕುಳಿತರು. ಆಮೇಲೆ ದೈವಸ್ಥಾನದ ಮೊಕ್ತೇಸರರಿಗೆ ಫೋನು ಮಾಡಿ ಏನೋ ಕೇಳಿ, ಬರೆದುಕೊಂಡು, ನೆಮ್ಮದಿಯಿಂದ ನನ್ನ ಕಡೆ ತಿರುಗಿದರು.

"ದೈವಕ್ಕೆ ಪ್ಯಾನ್ ಇದೆ. ನಮ್ಮ ಬಾಯ್ಲರಿನವರಿಗೇ ಇಲ್ಲ."

೫. ನಂಬಿದಿರಾ?

ತನಿಖೆಗೆ ಕೊಟ್ಟ ಉತ್ತರದ ಸುದ್ದಿಯನ್ನೂ ಷೇರುಪೇಟೆಯ ಜಾಲತಾಣಕ್ಕೆ ಹಾಕಬೇಕಿತ್ತು. ಹಿಂದೊಮ್ಮೆ ಲಗತ್ತುಗಳನ್ನು ಬಿಟ್ಟು ಹಾಕಿದ್ದಕ್ಕೆ ನಮಗೆ ಛೀಮಾರಿ ಬಂದಿತ್ತು. ಅಂದಿನಿಂದ ಸೆಕ್ರೆಟರಿಯವರು ನನಗೆ ಬರಹದಲ್ಲಿ ಆದೇಶ ಕೊಟ್ಟಿದ್ದರು: ಪ್ರತಿಯೊಂದು ಲಗತ್ತನ್ನೂ ಹಾಕತಕ್ಕದ್ದು. ನಾನು ಹಾಕಿದೆ. ಬಾವನ ಪ್ರಮಾಣಪತ್ರವನ್ನೂ ಹಾಕಿದೆ. ಓದಿಯೇ ಹಾಕಿದೆ.

ಯಾರಿಗೂ ಒಂದು ಮಾತು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನಮ್ಮ ಪುಟವನ್ನು ದಿನವೂ ತೆರೆದು ನೋಡುವವರು ಒಬ್ಬರಿದ್ದರು, ಅಕ್ಕನ ವಕೀಲೆ.

ಮುಂದಿನ ವಿಚಾರಣೆಯಲ್ಲಿ ಕಂಪನಿಯ ಸಾಕ್ಷಿಯಾಗಿ ಬಾವ ಕಟಕಟೆ ಹತ್ತಿದರು. ಬಾವಿ ಉಪ್ಪು ಎಂಬ ಉತ್ತರಕ್ಕೆ ಸಹಿ ಮಾಡಿದ್ದು ಅವರೇ ತಾನೆ. ನಾನು ಫೈಲು ಹೊತ್ತು ಹಿಂದೆ ಕುಳಿತಿದ್ದೆ. ಅಕ್ಕ ಮುಂದಿನ ಬೆಂಚಿನಲ್ಲಿ ಇದ್ದರು. ಅಂಗಡಿ ಮುಚ್ಚಿ ಒಂದು ವರ್ಷ ದಾಟಿತ್ತು. ಅವರು ಬೇರೆಯವರ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಈ ಕೇಸು ಬಿದ್ದರೆ ಮನೆಯನ್ನೂ ಬಿಡಬೇಕು ಎಂದು ವಕೀಲೆಗೆ ಹೇಳಿದ್ದು ನನಗೂ ಕೇಳಿಸಿತ್ತು. ಊರಿನವರು ಸುಮಾರು ಜನ ಬಂದಿದ್ದರು. ಬಾಯ್ಲರಿನವರು ಆ ದಿನ ರಜೆ ಹಾಕಿ, ಬಿಳಿ ಪಂಚೆ ಉಟ್ಟು, ಬಾಗಿಲ ಪಕ್ಕ ನಿಂತಿದ್ದರು.

ವಕೀಲೆ ಮೊದಲು ಬಾವಿಯ ಉತ್ತರ ತೋರಿಸಿ, ಸಹಿ ನಿಮ್ಮದೇ ಎಂದು ಕೇಳಿದರು. ಹೌದು ಎಂದರು ಬಾವ. ಆಮೇಲೆ ಪ್ರಮಾಣಪತ್ರ ತೋರಿಸಿದರು. ಇದೂ ನಿಮ್ಮದೇ? ಬಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಹೌದು ಎಂದರು. ಧ್ವನಿ ಸಣ್ಣದಾಗಿತ್ತು. ಅದು ಬೇರೆ ವಿಷಯ ಎಂದು ನಮ್ಮ ವಕೀಲರು ಎದ್ದರು. ಸಾಕ್ಷಿಯದೇ ಸಹಿ ಇರುವುದರಿಂದ ಪ್ರಶ್ನೆ ಕೇಳಬಹುದು ಎಂದರು ನ್ಯಾಯಾಧೀಶರು.

ವಕೀಲೆ ನುಡಿಯನ್ನು ಗಟ್ಟಿಯಾಗಿ ಓದಿದರು.

"ಬಡವಿಯ ಬಾವಿಗೆ ಕಾರ್ಖಾನೆಯ ಕೊಳಕು ಇಳಿದಿದೆ ಎಂದು ದೈವ ಹೇಳಿತು. ನೀವು ಅದನ್ನು ನಂಬಿದಿರಾ?"

ಬಾವನ ಕಷ್ಟ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಂಬಿದೆ ಎಂದರೆ ಬಾವಿಯ ಕೇಸು ಹೋಯಿತು. ನಂಬಲಿಲ್ಲ ಎಂದರೆ ಷೇರು ಮಾರಿದ ಕಾರಣ ಸುಳ್ಳಾಗಿ ಆ ತನಿಖೆಯಲ್ಲಿ ಸಿಕ್ಕಿಬಿದ್ದರು. ಅವರು ಧಣಿಯ ಕಡೆ ನೋಡಿದರು. ಧಣಿ ತಲೆ ಅಲ್ಲಾಡಿಸುತ್ತಿದ್ದರು, ಇಲ್ಲ ಎನ್ನು, ಇಲ್ಲ ಎನ್ನು ಎಂದು. ಆಮೇಲೆ ಬಾವನ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಪಾತ್ರಿ ಕೈಕಟ್ಟಿ ನಿಂತಿದ್ದರು. ಪಕ್ಕದಲ್ಲಿ ಊರಿನ ಅಷ್ಟೂ ಜನ.

ಆ ಊರವರ ಎದುರು ದೈವದ ಮಾತು ಸುಳ್ಳು ಎನ್ನಲು ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಕಂಪನಿಯ ನಿರ್ದೇಶಕನಿಗೂ ನಾಲಿಗೆ ಏಳುವುದಿಲ್ಲ.

"ದೈವ ಸುಳ್ ಹೇಳತ್ತಾ ಸ್ವಾಮಿ?" ಎಂದರು ಬಾವ.

ಪ್ರಶ್ನೆ ನಿಮಗೆ, ಉತ್ತರ ಹೇಳಿ ಎಂದರು ನ್ಯಾಯಾಧೀಶರು.

"ನಂಬ್ದೆ. ಅದ್ ಹೇಳ್ದದ್ದ್ ಸತ್ಯ."

ಬರೆದುಕೊಂಡರು. ನಮ್ಮ ವಕೀಲರು ಕುಳಿತರು. ಆ ದಿನವೇ ಆದೇಶವಾಯಿತು. ಕೋರ್ಟು ನೇಮಿಸಿದವರು ಅಕ್ಕನ ಎದುರಿನಲ್ಲೇ ಅಕ್ಕನ ಬಾವಿಯಿಂದಲೇ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅಲ್ಲಿಯವರೆಗೆ ಕಾರ್ಖಾನೆಯ ಹಿಂದಿನ ಗೋಡೆಯ ಹತ್ತಿರ ಕೊಳಕು ನೀರು ಬಿಡುವ ಪೈಪು ಬಂದ್. ಅಕ್ಕನ ಮನೆಗೆ ದಿನವೂ ಕಂಪನಿಯೇ ನೀರು ಕೊಡಬೇಕು. ಲ್ಯಾಬಿನಲ್ಲಿ ಈ ಬಾವಿಯ ಹಳೆಯ ವರದಿ ಏನಾದರೂ ಇದ್ದರೆ ಅದನ್ನೂ ಹಾಜರುಪಡಿಸಬೇಕು. ಸೆಕ್ರೆಟರಿಯವರು ಕಿಸೆಯಲ್ಲಿ ಡ್ರಾವರಿನ ಕೀಲಿಕೈ ಹುಡುಕುತ್ತಾ ನನ್ನ ಮುಖ ನೋಡಿದರು. ನಾನು ನೋಡಲಿಲ್ಲ.

ಅಕ್ಕ ಅಳಲೂ ಇಲ್ಲ, ನಗಲೂ ಇಲ್ಲ. ನೀರು ನಾಳೆ ಎಷ್ಟು ಹೊತ್ತಿಗೆ ಬರುತ್ತದೆ, ಅಂಗಡಿಗೆ ಹಾಲು ಬೇಕು ಎಂದು ಹಾಲಿನವನಿಗೆ ಇವತ್ತೇ ಹೇಳಬೇಕಾ ಎಂದು ವಕೀಲೆಯನ್ನು ವಿಚಾರಿಸಿದರು.

ಹೊರಗೆ ಮರದಡಿಯಲ್ಲಿ ಧಣಿ ಬಾಯ್ಲರಿನವರನ್ನು ಹಿಡಿದು ನಿಲ್ಲಿಸಿದ್ದರು. ಸಿಟ್ಟಿಗೆ ಅವರ ಮೀಸೆ ನಡುಗುತ್ತಿತ್ತು.

"ಹನ್ನೆರಡ್ ವರ್ಷ ನನ್ ಅನ್ನ ತಿಂದೆ. ಎಂತಕ್ ಹಾಂಗ್ ಹೇಳ್ದೆ ಮಾರಾಯ?"

ಬಾಯ್ಲರಿನವರು ವಿನಯದಿಂದ ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಸಿದರು.

"ನಾನೆಲ್ ಹೇಳ್ದೆ ಧಣೀ? ಮೈಮೇಲ್ ಬಂದಾಗ ಆಡ್ದದ್ದ್ ನಂಗ್ ನೆನಪಿರುದಿಲ್ಲ. ಬಪ್ಪ ಸಂಕ್ರಮಣಕ್ ದರ್ಶನ ಇತ್ತ್. ಬನ್ನಿ, ಹೂಗ್ ಹಿಡ್ಕಂಡ್ ನಿಲ್ಲಿ, ಹೇಳ್ದವ್ರ ಹತ್ರವೇ ಕೇಣಿ."